ಪೊಲೀಸಮ್ಮನ ಕೂಸು ಯಾರ ಡ್ಯೂಟಿ?

2018ರ ಅಕ್ಟೋಬರ್. ಉತ್ತರ ಪ್ರದೇಶದ ಝಾನ್ಸಿ. ಕೊತ್ವಾಲಿ ಠಾಣೆಯ ಟೇಬಲ್ ಮೇಲೆ ಆರು ತಿಂಗಳ ಕೂಸು ಮಲಗಿದೆ. ಅದರ ಪಕ್ಕದಲ್ಲೇ ಖಾಕಿ ತೊಟ್ಟ ತಾಯಿ ತಲೆ ಬಗ್ಗಿಸಿ ಬರೀತಾ ಕೂತಿದ್ದಾರೆ. ಆ ಒಂದು ಫೋಟೋ ಇಡೀ ದೇಶ ಸುತ್ತಿತು.

2021ರ ಮಾರ್ಚ್. ಚಂಡೀಗಢದ ರಸ್ತೆ. ಟ್ರಾಫಿಕ್ ಕಾನ್‌ಸ್ಟೆಬಲ್ ಒಬ್ಬರು ಕಂಕುಳಲ್ಲಿ ಕೂಸು ಇಟ್ಟುಕೊಂಡೇ ವಾಹನ ನಿಯಂತ್ರಿಸುತ್ತಿದ್ದಾರೆ. ವಿಡಿಯೋ ವೈರಲ್.

2025ರ ಫೆಬ್ರವರಿ. ನವದೆಹಲಿ ರೈಲ್ವೆ ನಿಲ್ದಾಣದಲ್ಲಿ ಕಾಲ್ತುಳಿತ ಆಗಿ ಇನ್ನೂ ಎರಡು ದಿನ ಆಗಿಲ್ಲ. ಅದೇ ನಿಲ್ದಾಣದಲ್ಲಿ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರು ಎದೆಗೆ ಮಗು ಕಟ್ಟಿಕೊಂಡು, ಕೈಯಲ್ಲಿ ಲಾಠಿ ಹಿಡಿದು ಜನರನ್ನು ಸರಿಸುತ್ತಿದ್ದಾರೆ. ಮತ್ತೆ ವೈರಲ್.

ಮೂರಕ್ಕೂ ಟೀವಿಯಲ್ಲಿ ಒಂದೇ ಶೀರ್ಷಿಕೆ. ಸೂಪರ್ ಮಾಮ್. ಹಿನ್ನೆಲೆಗೆ ಒಂದು ಭಾವುಕ ಸಂಗೀತ. ಕೆಳಗೆ ಸಾವಿರಾರು ಸೆಲ್ಯೂಟ್. ಆಮೇಲೆ? ಆಮೇಲೆ ಮುಂದಿನ ಸುದ್ದಿ.

ಸೆಲ್ಯೂಟ್ ಹೊಡೆಯೋದು ತಪ್ಪಲ್ಲ ವೀಕ್ಷಕರೇ. ಆದರೆ ಆ ಮೂರು ದೃಶ್ಯಗಳನ್ನು ಇನ್ನೊಂದು ಸಲ ನೋಡಿ. ಠಾಣೆಯ ಟೇಬಲ್, ಹೊಗೆ ತುಂಬಿದ ರಸ್ತೆ, ನೂಕುನುಗ್ಗಲಿನ ಪ್ಲಾಟ್‌ಫಾರ್ಮ್. ಇವುಗಳಲ್ಲಿ ಯಾವುದು ಕೂಸು ಇರಬೇಕಾದ ಜಾಗ? ಒಂದೂ ಅಲ್ಲ. ಮಗುವನ್ನು ಅಲ್ಲಿಗೆ ಕರೆತರಬೇಕು ಅಂತ ಯಾವ ತಾಯಿಗೂ ಆಸೆ ಇರಲ್ಲ. ಬೇರೆ ದಾರಿ ಇಲ್ಲದಿದ್ದಾಗ ಕರೆತರ್ತಾರೆ. ಅಂದರೆ ನಾವು ಚಪ್ಪಾಳೆ ತಟ್ಟಿದ್ದು ತಾಯಿಯ ಸಾಹಸಕ್ಕೆ. ಆ ಸಾಹಸದ ಅಗತ್ಯ ಯಾಕೆ ಬಂತು ಅನ್ನೋದನ್ನು ಕೇಳೋರು ಕಡಿಮೆ.

ಝಾನ್ಸಿಯ ಫೋಟೋ ನೋಡಿ ಅಲ್ಲಿನ ಡಿಜಿಪಿಯೇ ಸ್ಪಂದಿಸಿದರು. ಆ ಕಾನ್‌ಸ್ಟೆಬಲ್‌ಗೆ ಮನೆಯವರಿರುವ ಆಗ್ರಾಕ್ಕೆ ವರ್ಗಾವಣೆ ಸಿಕ್ಕಿತು. ಒಳ್ಳೆಯದೇ. ಆದರೆ ಫೋಟೋ ವೈರಲ್ ಆಗದ ತಾಯಂದಿರ ಕಥೆ? ಅವರಿಗೂ ಒಬ್ಬೊಬ್ಬರು ಫೋಟೋಗ್ರಾಫರ್ ಬರಬೇಕಾ?

ಇವತ್ತು ಇದನ್ನೇ ಬಿಡಿಸಿ ನೋಡೋಣ. ಪೊಲೀಸ್ ಕುಟುಂಬದ ಮಕ್ಕಳನ್ನು ನೋಡಿಕೊಳ್ಳೋದಕ್ಕೆ ಸರ್ಕಾರದಿಂದ ಏನಿದೆ, ಏನಿಲ್ಲ, ಏನಾಗಬೇಕು.

ಮೊದಲು ಸಮಸ್ಯೆಯ ಗಾತ್ರ. ನಾನು ಓದಿದ್ದು ಇಂಜಿನಿಯರಿಂಗ್. ಲೆಕ್ಕ ಹಾಕದೆ ಮಾತಾಡಿದರೆ ನನಗೆ ಸಮಾಧಾನ ಆಗಲ್ಲ. ಒಂದು ಠಾಣೆಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಆಳಿರಬೇಕಾದ ಒಂದು ಜಾಗ ತಗೊಳ್ಳಿ. ಸೆಂಟ್ರಿ ಡ್ಯೂಟಿ ಅಂತಲೇ ಇಟ್ಟುಕೊಳ್ಳಿ. ವಾರಕ್ಕೆ 168 ಗಂಟೆ. ಒಬ್ಬರು ದಿನಕ್ಕೆ 8 ಗಂಟೆಯಂತೆ ವಾರಕ್ಕೆ ಆರು ದಿನ ಕೆಲಸ ಮಾಡಿದರೆ 48 ಗಂಟೆ. 168ನ್ನು 48ರಿಂದ ಭಾಗಿಸಿ. ಮೂರೂವರೆ. ಅಂದರೆ ಒಂದೇ ಒಂದು ಜಾಗಕ್ಕೆ ಮೂರೂವರೆ ಜನ ಬೇಕು. ಇದರಲ್ಲಿ ಕಾಯಿಲೆ ರಜೆ ಸೇರಿಲ್ಲ, ಕೋರ್ಟ್ ಡ್ಯೂಟಿ ಸೇರಿಲ್ಲ, ಬಂದೋಬಸ್ತ್ ಸೇರಿಲ್ಲ. ಅಷ್ಟು ಜನ ಇದ್ದಾರಾ? ಇಲ್ಲ. ಹಾಗಾದರೆ ಇರೋದು ಎರಡೇ ದಾರಿ. ಡ್ಯೂಟಿಯನ್ನು ಹನ್ನೆರಡು ಗಂಟೆಗೆ ಎಳೀಬೇಕು, ಇಲ್ಲಾ ವಾರದ ರಜೆ ಕತ್ತರಿಸಬೇಕು. ನಮ್ಮಲ್ಲಿ ಎರಡೂ ನಡೀತಿದೆ.

ಇದು ನನ್ನ ಊಹೆ ಅಲ್ಲ. ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ 2014ರಲ್ಲಿ ಒಂದು ಅಧ್ಯಯನ ಮಾಡಿತ್ತು. ಠಾಣೆ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡೀತಾರೆ ಅಂತ ಅದರಲ್ಲಿ ಬಂತು. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಸಂಸ್ಥೆಗಳು ಹಲವು ರಾಜ್ಯಗಳ ಪೊಲೀಸರನ್ನು ಮಾತಾಡಿಸಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ.

ಈಗ ಈ 14 ಗಂಟೆಯ ಪಕ್ಕದಲ್ಲಿ ನಮ್ಮ ಊರಿನ ಮಕ್ಕಳ ವ್ಯವಸ್ಥೆಯನ್ನು ಇಟ್ಟು ನೋಡಿ. ಅಂಗನವಾಡಿ ತೆರೆಯೋದು ಬೆಳಗ್ಗೆ ಹತ್ತರ ಆಸುಪಾಸು, ಮುಚ್ಚೋದು ಸಂಜೆ ನಾಲ್ಕಕ್ಕೆ. ಖಾಸಗಿ ಡೇ ಕೇರ್‌ಗಳು ಸಾಮಾನ್ಯವಾಗಿ ಸಂಜೆ ಆರೂವರೆ, ಏಳಕ್ಕೆಲ್ಲ ಬಾಗಿಲು ಹಾಕ್ತವೆ. ಭಾನುವಾರ ರಜೆ. ಹಬ್ಬಕ್ಕೆ ರಜೆ. ಪೊಲೀಸರಿಗೆ ಹಬ್ಬ ಅಂದರೆ ಏನು ಹೇಳಿ? ಬಂದೋಬಸ್ತ್. ಗಣೇಶ ವಿಸರ್ಜನೆಯ ರಾತ್ರಿ, ಹೊಸ ವರ್ಷದ ರಾತ್ರಿ, ದಸರಾದ ಹತ್ತು ದಿನ, ಮತ ಎಣಿಕೆಯ ಬೆಳಗಿನ ಜಾವ. ಊರಿನ ಬೇರೆಲ್ಲ ಮಕ್ಕಳ ಅಪ್ಪ ಅಮ್ಮ ಮನೆಯಲ್ಲಿರುವ ದಿನವೇ ಪೊಲೀಸರ ಮಕ್ಕಳ ಅಪ್ಪ ಅಮ್ಮ ಮನೆಯಲ್ಲಿರಲ್ಲ. ಡೇ ಕೇರ್ ಮುಚ್ಚಿರುವ ಹೊತ್ತೇ ಅವರಿಗೆ ಡೇ ಕೇರ್ ಬೇಕಾಗಿರೋದು.

ಮನೆಯಲ್ಲಿ ಅಜ್ಜಿ ಇರಲ್ವಾ ಅಂತ ನೀವು ಕೇಳಬಹುದು. ಬೆಂಗಳೂರಿನ ಯಾವುದಾದರೂ ಠಾಣೆಗೆ ಹೋಗಿ ಸಿಬ್ಬಂದಿಯ ಊರು ಕೇಳಿ ನೋಡಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು. ಅಜ್ಜಿ ಇರೋದು ಐನೂರು, ಆರುನೂರು ಕಿಲೋಮೀಟರ್ ಆಚೆ. ಅವರಿಗೂ ಹೊಲ ಇದೆ, ದನ ಇದೆ, ಹಾಸಿಗೆ ಹಿಡಿದ ಅಜ್ಜ ಇರ್ತಾರೆ. ಮೂರು ತಿಂಗಳು ಬಂದು ಇರ್ತಾರೆ, ಆಮೇಲೆ ಊರು ಕರೆಯುತ್ತೆ. ಗಂಡ ಹೆಂಡತಿ ಇಬ್ಬರೂ ಪೊಲೀಸ್ ಆಗಿದ್ದರಂತೂ ಮುಗೀತು. ಇಬ್ಬರಿಗೂ ಒಂದೇ ರಾತ್ರಿ ನೈಟ್ ಬೀಟ್ ಬಿದ್ದರೆ ಮಗು ಎಲ್ಲಿ ಮಲಗಬೇಕು? ಪಕ್ಕದ ಕ್ವಾರ್ಟರ್ಸ್‌ನ ಅಕ್ಕನ ಮನೆಯಲ್ಲಿ. ಆ ಅಕ್ಕನ ಒಳ್ಳೆಯತನದ ಮೇಲೆ ಎಷ್ಟೋ ಠಾಣೆಗಳ ಡ್ಯೂಟಿ ಚಾರ್ಟ್ ನಿಂತಿದೆ.

ಇದು ತಾಯಂದಿರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಪೊಲೀಸ್ ಅಪ್ಪಂದಿರಿಗೂ ಮಕ್ಕಳಿದ್ದಾರೆ. ಅವರು ಮನೆಗೆ ಬರುವಾಗ ಮಗು ಮಲಗಿರುತ್ತೆ, ಹೊರಡುವಾಗಲೂ ಮಲಗಿರುತ್ತೆ. ಗಂಡನ ಪಾಳಿಗೆ ಹೊತ್ತುಗೊತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ತಮ್ಮ ಕೆಲಸ ಬಿಟ್ಟ ಹೆಂಡತಿಯರ ಲೆಕ್ಕ ಯಾವ ಕಡತದಲ್ಲೂ ಸಿಗಲ್ಲ.

ಸರಿ, ಸರ್ಕಾರ ಏನೂ ಕೊಟ್ಟಿಲ್ವಾ? ಕೊಟ್ಟಿದೆ. ಅದನ್ನು ಮೊದಲು ನೋಡೋಣ.

ಒಂದು, ರಜೆ. ಕರ್ನಾಟಕದ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ 180 ದಿನದ ಹೆರಿಗೆ ರಜೆ ಇದೆ. ಪೊಲೀಸರೂ ಇದರಲ್ಲಿ ಬರ್ತಾರೆ. ಅದರ ಜೊತೆಗೆ 2021ರ ಬಜೆಟ್‌ನಲ್ಲಿ ಘೋಷಣೆಯಾಗಿ ಅದೇ ವರ್ಷ ಜಾರಿಗೆ ಬಂದ ಶಿಶುಪಾಲನಾ ರಜೆ ಇದೆ. ಇಡೀ ಸೇವಾವಧಿಯಲ್ಲಿ ಆರು ತಿಂಗಳು, ಅಂದರೆ 180 ದಿನ. ಕಿರಿಯ ಮಗುವಿಗೆ 18 ವರ್ಷ ತುಂಬುವುದರೊಳಗೆ ತಗೋಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಇದು ಇನ್ನೂ ದೊಡ್ಡದು. ಮಹಿಳೆಯರಿಗೆ ಮತ್ತು ಒಂಟಿ ತಂದೆಯರಿಗೆ 730 ದಿನ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಉಳಿದ 365ಕ್ಕೆ ಶೇಕಡಾ 80. ತಂದೆ ಆದವರಿಗೆ ಪಿತೃತ್ವ ರಜೆ 15 ದಿನ.

ಈ ರಜೆಯ ಬಗ್ಗೆ ಸುಪ್ರೀಂ ಕೋರ್ಟ್ ಕೂಡ ಮಾತಾಡಿದೆ. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಬೋಧಕಿಯೊಬ್ಬರ ಪ್ರಕರಣ. ಮಗನಿಗೆ ಹುಟ್ಟಿನಿಂದಲೇ ಗಂಭೀರ ಕಾಯಿಲೆ. ಇದ್ದ ರಜೆಯೆಲ್ಲ ಮುಗೀತು. ಆ ರಾಜ್ಯದಲ್ಲಿ ಶಿಶುಪಾಲನಾ ರಜೆಯ ನಿಯಮವೇ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿನ ಸಾರ ಇಷ್ಟು: ಹೆಣ್ಣುಮಕ್ಕಳು ಉದ್ಯೋಗದಲ್ಲಿರೋದು ಯಾರೋ ಕೊಡುವ ರಿಯಾಯಿತಿ ಅಲ್ಲ, ಸಂವಿಧಾನ ಕೊಟ್ಟ ಹಕ್ಕು. ಸರ್ಕಾರ ಮಾದರಿ ಉದ್ಯೋಗದಾತ ಆಗಿರಬೇಕು, ಈ ವಿಷಯಕ್ಕೆ ಕಣ್ಣು ಮುಚ್ಚಿಕೊಳ್ಳುವ ಹಾಗಿಲ್ಲ.

ಆದರೆ ರಜೆ ಅನ್ನೋದು ಅರ್ಧ ಉತ್ತರ. ಯಾಕೆ ಅಂದರೆ ರಜೆ ಪುಸ್ತಕದಲ್ಲಿದ್ದರೆ ಸಾಲದು, ಮಂಜೂರಾಗಬೇಕು. ಮೂವತ್ತು ಜನ ಇರಬೇಕಾದ ಠಾಣೆಯಲ್ಲಿ ಇಪ್ಪತ್ತು ಜನ ಇದ್ದರೆ ಇನ್ಸ್‌ಪೆಕ್ಟರ್ ಯಾರಿಗೆ ಅಂತ ರಜೆ ಕೊಡ್ತಾರೆ? ಅವರನ್ನೂ ಬೈಯುವ ಹಾಗಿಲ್ಲ. ನಾಳೆ ಗಲಾಟೆ ಆದರೆ ಉತ್ತರ ಕೊಡಬೇಕಾದವರು ಅವರೇ. ಜೊತೆಗೆ ಆರು ತಿಂಗಳ ಹೆರಿಗೆ ರಜೆ, ಆರು ತಿಂಗಳ ಶಿಶುಪಾಲನಾ ರಜೆ ಎರಡನ್ನೂ ಒಟ್ಟಿಗೆ ತಗೊಂಡರೂ ಮಗುವಿಗೆ ಒಂದು ವರ್ಷ ಆಗುತ್ತೆ. ಎರಡನೇ ವರ್ಷ? ಮೂರನೇ ವರ್ಷ? ಸ್ಕೂಲಿಗೆ ಸೇರುವ ತನಕ?

ಅಲ್ಲಿ ಬರಬೇಕಾದ್ದು ಎರಡನೆಯದು, ಶಿಶುಪಾಲನಾ ಕೇಂದ್ರ. ಸಾಮಾನ್ಯ ಮಾತಲ್ಲಿ ಕ್ರೆಶ್. ಇಲ್ಲಿದೆ ನೋಡಿ ಸ್ವಾರಸ್ಯ. 1948ರ ಕಾರ್ಖಾನೆ ಕಾಯ್ದೆ ಏನು ಹೇಳಿತ್ತು? ಮೂವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಅವರ ಮಕ್ಕಳಿಗೆ ಕೋಣೆ ಇರಬೇಕು ಅಂತ. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿಗೆ ಅನ್ವಯವಾಗುತ್ತಾ ಬಂದಿದ್ದು ಇದೇ. 1951ರ ತೋಟ ಕಾರ್ಮಿಕರ ಕಾಯ್ದೆಯೂ ಕ್ರೆಶ್ ಕೇಳಿತು. ಕೊಡಗು, ಚಿಕ್ಕಮಗಳೂರಿನ ದೊಡ್ಡ ಎಸ್ಟೇಟ್‌ಗಳಿಗೆ ಅದು ಲಾಗು ಆಗಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಕ್ರೆಶ್ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಈ ಕಾನೂನುಗಳು ಎಲ್ಲಾ ಕಡೆ ಸರಿಯಾಗಿ ಜಾರಿಯಾಗಿವೆ ಅಂತ ನಾನು ಹೇಳ್ತಿಲ್ಲ. ಆದರೆ ಕಾಗದದ ಮೇಲಾದರೂ ಬಂದವು.

ಪೊಲೀಸ್ ಠಾಣೆ ಫ್ಯಾಕ್ಟರಿ ಅಲ್ಲ, ತೋಟ ಅಲ್ಲ, ಅಂಗಡಿಯೂ ಅಲ್ಲ. ಪೊಲೀಸರಿಗೆ ಸೇವಾ ನಿಯಮಗಳೇ ಕಾನೂನು. ಆ ನಿಯಮಗಳಲ್ಲಿ ರಜೆಯ ಲೆಕ್ಕ ಇದೆ, ಕ್ರೆಶ್‌ನ ಕಡ್ಡಾಯ ಇಲ್ಲ. ಇನ್ನು 50 ಜನ ಅನ್ನುವ ಅಳತೆಗೋಲು ಇಟ್ಟರೂ ನಮ್ಮ ಗ್ರಾಮಾಂತರ ಠಾಣೆಗಳಲ್ಲಿ ಎಷ್ಟು ಪಾಸಾಗ್ತವೆ? ಇಲಾಖೆಯಲ್ಲಿ ಸಾವಿರಾರು ಜನ ಇದ್ದಾರೆ, ಆದರೆ ಒಂದೊಂದು ಠಾಣೆಯಲ್ಲಿ ಒಂದು ಹಿಡಿ. ಹೀಗೆ ಚದುರಿ ಹೋಗಿರೋದರಿಂದ ಕ್ರೆಶ್ ಯಾರ ಜವಾಬ್ದಾರಿ ಅನ್ನೋದೂ ಚದುರಿ ಹೋಗಿದೆ. ಕೆಲವು ಊರುಗಳಲ್ಲಿ ಕಮಿಷನರೋ ಎಸ್‌ಪಿಯೋ ಆಸಕ್ತಿ ತಗೊಂಡರೆ ಒಂದು ಕೋಣೆಗೆ ಬಣ್ಣ ಬಳಿದು, ಗೋಡೆಗೆ ಚಿಟ್ಟೆ ಬರೆಸಿ, ಟೇಪ್ ಕತ್ತರಿಸ್ತಾರೆ. ಅಧಿಕಾರಿ ವರ್ಗ ಆದ ಮೇಲೆ ಅದಕ್ಕೆ ಹಣ ಯಾರು ಕೊಡಬೇಕು? ಆಯಾ ಸಂಬಳ ಯಾವ ಲೆಕ್ಕದಲ್ಲಿ? ಅಧಿಕಾರಿಯ ಒಳ್ಳೆಯತನದ ಮೇಲೆ ನಡೆಯೋದು ಯೋಜನೆ ಅಲ್ಲ, ಉಪಕಾರ.

ಮೂರನೆಯದು, ಸರ್ಕಾರದ ಸಾರ್ವಜನಿಕ ಯೋಜನೆಗಳು. ಕೇಂದ್ರದ ಮಿಷನ್ ಶಕ್ತಿಯ ಅಡಿಯಲ್ಲಿ ಪಾಲ್ನಾ ಅನ್ನೋ ಯೋಜನೆ ಇದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲೇ ಕ್ರೆಶ್. ದೇಶಾದ್ಯಂತ 17,000 ಕೇಂದ್ರಗಳ ಗುರಿ. ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಮ್ಮ ರಾಜ್ಯದಲ್ಲಿ 2023ರ ಬಜೆಟ್‌ನಲ್ಲಿ ಬಂದ ಕೂಸಿನ ಮನೆ ಇದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಮಾಡ್ತೀವಿ ಅಂತ ಹೊರಟ ಯೋಜನೆ. ಎರಡೂ ಒಳ್ಳೆಯ ಕೆಲಸ. ಆದರೆ ಏಳೂವರೆ ಗಂಟೆ ಎಲ್ಲಿ, ಪೊಲೀಸರ 14 ಗಂಟೆ ಎಲ್ಲಿ? ರಾತ್ರಿ ಪಾಳಿ ಅನ್ನೋ ಪದವೇ ಈ ಯೋಜನೆಗಳ ಸಮಯದೊಳಗೆ ಬರಲ್ಲ.

ಈಗ ಒಂದು ಪ್ರಶ್ನೆ ಬಂದೇ ಬರುತ್ತೆ. ನರ್ಸ್‌ಗೂ ನೈಟ್ ಡ್ಯೂಟಿ ಇದೆ, ಬಸ್ ಕಂಡಕ್ಟರ್‌ಗೂ ಇದೆ, ಪೌರಕಾರ್ಮಿಕರು ಬೆಳಗಿನ ಜಾವಕ್ಕೇ ಬೀದಿಗಿಳೀತಾರೆ. ಪೊಲೀಸರಿಗೆ ಮಾತ್ರ ಯಾಕೆ ವಿಶೇಷ? ನ್ಯಾಯವಾದ ಪ್ರಶ್ನೆ. ಅವರಿಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೊಲೀಸರ ವಿಷಯದಲ್ಲಿ ಇದು ನೇರವಾಗಿ ನಿಮ್ಮ ಮನೆ ಬಾಗಿಲಿಗೆ ಬರುತ್ತೆ. ಹೇಗೆ ಅಂತ ಹೇಳ್ತೀನಿ.

ನಮ್ಮ ಕಾನೂನು ಮಹಿಳಾ ಪೊಲೀಸರಿಗೆ ಅಂತಲೇ ಕೆಲವು ಕೆಲಸ ಇಟ್ಟಿದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವ ಹಾಗಿಲ್ಲ. ಅನಿವಾರ್ಯ ಆದರೆ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಹಿಳಾ ಪೊಲೀಸ್ ಅಧಿಕಾರಿಯೇ ಹೋಗಬೇಕು. ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆಯನ್ನು ಸಾಧ್ಯವಾದ ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ಪಡೀಬೇಕು, ಅದೂ ಯೂನಿಫಾರ್ಮ್ ಇಲ್ಲದೆ. ಮಹಿಳೆಯ ತಪಾಸಣೆ ಮಾಡೋದು ಮಹಿಳೆಯೇ. ಇದೆಲ್ಲ ಹಗಲು ಹತ್ತರಿಂದ ಐದರೊಳಗೆ ನಡೆಯುವ ಘಟನೆಗಳಾ? ರಾತ್ರಿ ಎರಡು ಗಂಟೆಗೆ ಪೆಟ್ಟು ತಿಂದ ಹೆಣ್ಣುಮಗಳು ಠಾಣೆ ಮೆಟ್ಟಿಲು ಹತ್ತಿದಾಗ ಅಲ್ಲೊಬ್ಬರು ಮೇಡಂ ಇರಬೇಕು. ಆ ಮೇಡಂ ಅಲ್ಲಿರಬೇಕು ಅಂದರೆ ಅವರ ಮಗು ಇನ್ನೆಲ್ಲೋ ಕ್ಷೇಮವಾಗಿ ಮಲಗಿರಬೇಕು. ಕೊಂಡಿ ಅಷ್ಟು ಸರಳ.

ಪೊಲೀಸ್ ಪಡೆಯಲ್ಲಿ ಮಹಿಳೆಯರು ಶೇಕಡಾ 33 ಇರಲಿ ಅಂತ ಕೇಂದ್ರ ಗೃಹ ಸಚಿವಾಲಯ 2013ರಿಂದ ಮತ್ತೆ ಮತ್ತೆ ರಾಜ್ಯಗಳಿಗೆ ಬರೀತಿದೆ. ದೇಶದ ಸರಾಸರಿ ಇನ್ನೂ ಶೇಕಡಾ 12ರ ಆಸುಪಾಸಿನಲ್ಲಿದೆ. ನೇಮಕಾತಿಯಲ್ಲಿ ಮೀಸಲಾತಿ ಕೊಟ್ಟು ಒಳಗೆ ಕರೀತೀವಿ. ಒಳಗೆ ಬಂದ ಐದಾರು ವರ್ಷಕ್ಕೆ ಮದುವೆ, ಮಗು. ಆಗ ಅವರು ಏನು ಕೇಳ್ತಾರೆ? ಸರ್, ಸ್ಟೇಷನ್ ಒಳಗಿನ ಕೆಲಸ ಕೊಡಿ. ಕಂಪ್ಯೂಟರ್, ರಿಜಿಸ್ಟರ್, ರಿಸೆಪ್ಷನ್. ಅದೇ 2019ರ ವರದಿಯೂ ಇದನ್ನೇ ತೋರಿಸಿತು. ಮಹಿಳೆಯರ ಪಾಲಿಗೆ ಹೆಚ್ಚಾಗಿ ಠಾಣೆಯೊಳಗಿನ ಕೆಲಸ, ಗಂಡಸರ ಪಾಲಿಗೆ ತನಿಖೆ ಮತ್ತು ಗಸ್ತು. ಹತ್ತು ವರ್ಷ ರಿಜಿಸ್ಟರ್ ಬರೆದವರು ನಾಳೆ ಕೊಲೆ ಕೇಸಿನ ತನಿಖೆ ಕಲಿಯೋದು ಯಾವಾಗ? ಹೊರಗಿನ ಜನ ಇದನ್ನು ನೋಡಿ, ಹೆಣ್ಣುಮಕ್ಕಳು ಫೀಲ್ಡ್‌ಗೆ ಬರಲ್ಲ ಅಂತಾರೆ. ಕಾಲಿಗೆ ಕಲ್ಲು ಕಟ್ಟಿ, ಓಡೋದಿಲ್ಲ ನೋಡಿ ಅಂದ ಹಾಗೆ.

ಬೇರೆ ಕಡೆ ಏನು ಮಾಡಿದ್ದಾರೆ? ಮುಂಬೈ ನೋಡಿ. 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ಗಂಟೆ ಪಾಳಿ ಪ್ರಯೋಗ ಶುರುವಾಯಿತು. ಅದರ ಲೆಕ್ಕ ಹಾಕಿ ಕಮಿಷನರ್ ಮುಂದಿಟ್ಟಿದ್ದು ಯಾವುದೋ ಕನ್ಸಲ್ಟೆನ್ಸಿ ಕಂಪನಿ ಅಲ್ಲ, ಒಬ್ಬ ಕಾನ್‌ಸ್ಟೆಬಲ್. ಇರುವ ಜನರಲ್ಲೇ ಡ್ಯೂಟಿ ಚಾರ್ಟ್ ಬದಲಿಸಿ ತೋರಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಆಗಿನ ಡಿಜಿಪಿ ಸಂಜಯ್ ಪಾಂಡೆ, ಮಹಿಳಾ ಸಿಬ್ಬಂದಿಯ ಡ್ಯೂಟಿಯನ್ನು 12ರಿಂದ 8 ಗಂಟೆಗೆ ಇಳಿಸುವ ಆದೇಶ ಕೊಟ್ಟರು. ಅಮೆರಿಕದಲ್ಲಿ 2023ರಲ್ಲಿ ಎರಡೂ ಪಕ್ಷದ ಸಂಸದರು ಸೇರಿ ಒಂದು ಮಸೂದೆ ತಂದರು. ಪೊಲೀಸರ ಪಾಳಿಗೆ ಹೊಂದುವ ಶಿಶುಪಾಲನೆಗೆ ಅಲ್ಲಿನ ಒಕ್ಕೂಟ ಸರ್ಕಾರ ಅನುದಾನ ಕೊಡಲಿ ಅನ್ನೋದು ಅದರ ತಿರುಳು. ಅದಕ್ಕೆ ಅವರು ಕೊಟ್ಟ ಕಾರಣ ಕರುಣೆ ಅಲ್ಲ. ಹೊಸಬರು ಪೊಲೀಸ್ ಕೆಲಸಕ್ಕೆ ಬರ್ತಿಲ್ಲ, ಬಂದವರು ಉಳೀತಿಲ್ಲ ಅನ್ನೋ ಲೆಕ್ಕಾಚಾರ.

ನಮ್ಮಲ್ಲಿ ಏನು ಮಾಡಬಹುದು? ನನಗೆ ಕಾಣುವ ದಾರಿ ಹೇಳ್ತೀನಿ.

ಮೊದಲು, ಕ್ರೆಶ್ ಠಾಣೆಯೊಳಗೆ ಬೇಡ. ಅಲ್ಲಿ ಆರೋಪಿಗಳಿರ್ತಾರೆ, ಬಂದೂಕು ಇರುತ್ತೆ, ಕೂಗಾಟ ಇರುತ್ತೆ. ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಮಾಡಿ. ಮಕ್ಕಳ ಮನೆ ಇರೋದು ಅಲ್ಲೇ. ರಾಜ್ಯದಲ್ಲಿ ಪೊಲೀಸರಿಗೆ ಮನೆ ಕಟ್ಟಲಿಕ್ಕೆಂದೇ ಪೊಲೀಸ್ ವಸತಿ ನಿಗಮ ಇದೆ. ಕಟ್ಟುವ ಪ್ರತಿ ವಸತಿ ಸಮುಚ್ಚಯದ ನಕ್ಷೆಯಲ್ಲೇ ನೆಲಮಹಡಿಯ ಒಂದು ಮನೆಯನ್ನು ಕೂಸುಗಳಿಗೆ ಮೀಸಲಿಡಿ. ನಕ್ಷೆಯಲ್ಲಿ ಇಲ್ಲದ್ದನ್ನು ಆಮೇಲೆ ತುರುಕೋದು ಎಷ್ಟು ಕಷ್ಟ ಅಂತ ಕಟ್ಟಡ ಕಟ್ಟಿದ ಯಾರನ್ನಾದರೂ ಕೇಳಿ.

ಎರಡನೆಯದು, ಸಮಯ. ಪಾಳಿ ಹೇಗೋ ಕ್ರೆಶ್ ಹಾಗೆ. ಕ್ರೆಶ್‌ಗಳಿಗಾಗಿ ಕೇಂದ್ರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಪಾಳಿ ಇರುವಲ್ಲಿ ಪಾಳಿಗೆ ತಕ್ಕಂತೆ ನಡೆಸಿ ಅಂತಲೇ ಹೇಳುತ್ತೆ. ರಾತ್ರಿ ಕಷ್ಟ ಅನ್ನೋದಾದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗಾದರೂ ಶುರು ಮಾಡಿ. ಹಬ್ಬದ ದಿನ ಕಡ್ಡಾಯವಾಗಿ ತೆರೆದಿರಲಿ. ಲೆಕ್ಕಕ್ಕೆ ಬನ್ನಿ. ಮೂವತ್ತು ಮಕ್ಕಳ ಹೆಸರು ನೋಂದಣಿ ಆಗಿದೆ ಅಂದುಕೊಳ್ಳಿ. ತಂದೆತಾಯಿಯ ಪಾಳಿ ಬೇರೆ ಬೇರೆ ಇರೋದರಿಂದ ಒಂದೇ ಹೊತ್ತಿಗೆ ಮೂವತ್ತೂ ಮಕ್ಕಳು ಅಲ್ಲಿರಲ್ಲ. ಮೂರು ಪಾಳಿಗೆ ಹಂಚಿಹೋದರೆ ಹತ್ತು, ಹೆಚ್ಚೆಂದರೆ ಹದಿನೈದು. ಪಾಳಿಗೆ ಇಬ್ಬರು ಆಯಾ, ಒಬ್ಬ ಸಹಾಯಕಿ. ರಾಜ್ಯದ ಗೃಹ ಇಲಾಖೆಯ ಬಜೆಟ್ ಮುಂದೆ ಇದು ದೊಡ್ಡ ಮೊತ್ತ ಅಲ್ಲವೇ ಅಲ್ಲ.

ಮೂರನೆಯದು, ಲೆಕ್ಕದ ಶೀರ್ಷಿಕೆ. ಆಯಾ ಸಂಬಳ, ಹಾಲು, ಬೊಂಬೆ, ಕರೆಂಟ್ ಬಿಲ್ ಇವೆಲ್ಲ ಬಜೆಟ್‌ನಲ್ಲಿ ಒಂದು ಸಾಲಾಗಿ ಬರಲಿ. ದಾನಿಗಳನ್ನು ಹುಡುಕುವ ಕೆಲಸ ಇನ್ಸ್‌ಪೆಕ್ಟರ್‌ಗೆ ಬೇಡ.

ನಾಲ್ಕನೆಯದು, ದುಡ್ಡೇ ಬೇಡದ್ದು. ಗಂಡ ಹೆಂಡತಿ ಇಬ್ಬರೂ ಪೊಲೀಸ್ ಆಗಿದ್ದರೆ ಇಬ್ಬರಿಗೂ ಒಂದೇ ರಾತ್ರಿ ಡ್ಯೂಟಿ ಹಾಕಬೇಡಿ. ಮೂರು ವರ್ಷದೊಳಗಿನ ಮಗು ಇರುವವರಿಗೆ ಮುಂದಿನ ವಾರದ ಪಾಳಿ ಈ ವಾರವೇ ತಿಳಿಸಿ. ಇದಕ್ಕೆ ಕಾಯ್ದೆ ಬೇಡ, ಕಟ್ಟಡ ಬೇಡ, ಒಂದು ಸುತ್ತೋಲೆ ಸಾಕು.

ಪೊಲೀಸರ ಮೇಲೆ ನಮಗೆ ದೂರುಗಳಿಲ್ಲ ಅಂತಲ್ಲ. ಸಿಡುಕು, ಒರಟು ಮಾತು, ಲಂಚ, ಎಲ್ಲವನ್ನೂ ನಾನು ಈ ಕುರ್ಚಿಯಲ್ಲಿ ಕೂತೇ ಪ್ರಶ್ನೆ ಮಾಡಿದ್ದೀನಿ, ಮುಂದೆಯೂ ಮಾಡ್ತೀನಿ. ಆ ತಪ್ಪುಗಳಿಗೆ ಮಗು ನೆಪ ಆಗೋದೂ ಬೇಡ. ಆದರೆ ಮನೆಯಲ್ಲಿ ಜ್ವರ ಬಂದ ಮಗುವನ್ನು ಪಕ್ಕದ ಮನೆಗೆ ಬಿಟ್ಟು ಬಂದವರಿಂದ, ನಿಮ್ಮ ಮನೆಯ ಮಗು ಕಾಣೆಯಾದಾಗ ಪೂರ್ತಿ ಗಮನ ಕೇಳ್ತೀವಿ. ಕೇಳುವ ಹಕ್ಕು ನಮಗಿದೆ. ಹಾಗೆ ಗಮನ ಕೊಡುವ ಸ್ಥಿತಿಯಲ್ಲಿ ಅವರನ್ನು ಇಡುವ ಹೊಣೆ ಸರ್ಕಾರಕ್ಕಿದೆ.

ಮುಂದಿನ ಬಜೆಟ್ ಬರುತ್ತೆ. ಹೊಸ ಜೀಪುಗಳ ಸಂಖ್ಯೆ ಹೇಳ್ತಾರೆ, ಕ್ಯಾಮೆರಾಗಳ ಸಂಖ್ಯೆ ಹೇಳ್ತಾರೆ, ಹೊಸ ಠಾಣೆಗಳ ಸಂಖ್ಯೆ ಹೇಳ್ತಾರೆ. ನಿಮ್ಮ ಶಾಸಕರು ಸಿಕ್ಕಾಗ ಒಂದೇ ಒಂದು ಪ್ರಶ್ನೆ ಕೇಳಿ. ಸರ್, ನಮ್ಮ ತಾಲೂಕಿನ ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೋಣೆ ಇದೆಯಾ? ಇದ್ದರೆ ಅದು ಎಷ್ಟು ಗಂಟೆಗೆ ಮುಚ್ಚುತ್ತೆ?